ಐದು ಒಂಬತ್ತು ಒಂಬತ್ತು

ಗಾಳದ ಕೋಲನ್ನು ಕಾರಿನ ನೆತ್ತಿಗೆ ಬಿಗಿಯುತ್ತಿದ್ದವಳನ್ನು ನೀರಿನ ಟ್ಯಾಂಕಿನ ಕಾವಲುಗಾರ ಬಂದು ಹಿಡಿದ.

"ಏನಮ್ಮಾ, ಗುಡ್ಡದ ಮೇಲೆ ಮೀನು ಹಿಡೀತೀರಾ?"

"ಮೀನಲ್ಲ, ನಮ್ಮ ದೊಡ್ಡಪ್ಪನ್ನ ಹಿಡೀಬೇಕು."

ಕಾವಲುಗಾರ ಕೋಲಿಗೆ ಸುತ್ತಿದ್ದ ತಾಮ್ರದ ತಂತಿಯನ್ನು ನೋಡಿದ, ಸೀಟಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಿದ, ಕೊನೆಗೆ ಅವಳನ್ನೇ ಅನುಮಾನದಿಂದ ನೋಡಿದ. ಹ್ಯಾಮ್ ರೇಡಿಯೋ ಎಂದಳು. ಸ್ಪರ್ಧೆ ಎಂದಳು. ಪರವಾನಗಿ ತೋರಿಸಿದಳು. ಗಾಡಿಯಲ್ಲಿ ಸುತ್ತುತ್ತಾ ಎಷ್ಟು ಜನರ ಜೊತೆ ಸಂಪರ್ಕ ಸಿಕ್ಕಿದರೆ ಅಷ್ಟು ಅಂಕ. ಆಂಟೆನಾ ಮಾತ್ರ ಗಾಡಿಯ ಮೇಲೇ ನಿಲ್ಲಬೇಕು, ಬೇರೆ ಯಾವುದರ ಆಸರೆಯೂ ಕೂಡದು.

"ದೊಡ್ಡಪ್ಪಂಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ?"

"ಅಪ್ಪಂಗೂ ಅವರಿಗೂ ಮಾತಿಲ್ಲ."

"ಹಾಗಾದ್ರೆ ನಿಮ್ಮಪ್ಪನೇ ಬರಬೇಕಿತ್ತು," ಎಂದು ಅವನು ಟ್ಯಾಂಕಿನ ನೆರಳಿಗೆ ಹೋಗಿ ಕುಳಿತ.

ಅಪ್ಪ ಬರುವಂತಿದ್ದರೆ ಅವಳಿಗೇಕೆ ಈ ಪಾಡು? ಅಪ್ಪ ತೀರಿಕೊಂಡ ಮೇಲೆ ಇದು ಮೂರನೇ ಸ್ಪರ್ಧೆ. ಉಳಿದ ಸಂಪರ್ಕಗಳಿಗೆಲ್ಲ ಹೆಸರಿನ ಬದಲು ಅವಳದೇ ಕರೆಸಂಕೇತ. ದೊಡ್ಡಪ್ಪನಿಗೆ ಮಾತ್ರ ಅಪ್ಪನದು. ಸತ್ತವರ ಸಂಕೇತ ಬಳಸುವುದು ತಪ್ಪೆಂದು ಗೊತ್ತಿದ್ದೂ ಮಾಡುತ್ತಿದ್ದಳು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದೊಡ್ಡಪ್ಪ ಸರ್ವೇಯರ್, ಎಳ್ಳಷ್ಟು ಹೆಚ್ಚುಕಮ್ಮಿಯಾದರೂ ಸಹಿಸದ ಆಸಾಮಿ. ಒಂದು ವರ್ಷ ಗಾಳಿ ಜೋರಾಗಿತ್ತೆಂದು ಅಪ್ಪ ತನ್ನ ಆಂಟೆನಾದ ತುದಿಯನ್ನು ಮರದ ಕೊಂಬೆಗೆ ಕಟ್ಟಿದ. ಮೊದಲ ಬಹುಮಾನ ಬಂತು. ದೊಡ್ಡಪ್ಪ ತಾವೇ ದೂರು ಕೊಟ್ಟು ಅದನ್ನು ವಾಪಸ್ ಕೊಡಿಸಿದರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಮುಟ್ಟಿಸುತ್ತಿದ್ದ ಅಜ್ಜಿ ಹೋದ ಮೇಲೆ ಸುದ್ದಿಯೂ ನಿಂತಿತು. ಉಳಿದದ್ದು ವರ್ಷಕ್ಕೊಮ್ಮೆ, ಸ್ಪರ್ಧೆಯ ದಿನ, ಚುಕ್ಕೆ-ಗೆರೆಗಳ ಮೋರ್ಸ್‌ನಲ್ಲಿ ಅರೆನಿಮಿಷದ ಒಂದು ಸಂಪರ್ಕ. "ಅಂಕ ಬೇಕಲ್ಲ, ಅದಕ್ಕೆ" ಎನ್ನುತ್ತಿದ್ದ ಅಪ್ಪ. ಅಂಕವಂತೆ! ಹಿಂದಿನ ದಿನದಿಂದಲೇ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ಅರೆನಿಮಿಷದಲ್ಲಿ, ನಿಮ್ಮ ಸದ್ದು ಹೇಗೆ ಕೇಳುತ್ತಿದೆ ಎಂದು ಒಬ್ಬರಿಗೊಬ್ಬರು ಅಂಕಿಯಲ್ಲಿ ತಿಳಿಸಬೇಕು. ಸ್ಪರ್ಧೆಯಲ್ಲಿ ಯಾರೂ ನಿಜ ಹೇಳುವುದಿಲ್ಲ. ನೆಂಟರ ಮನೆಯ ಅಡುಗೆಯನ್ನು ಚೆನ್ನಾಗಿದೆ ಎಂದು ಹೊಗಳಿದ ಹಾಗೆ, ಎಲ್ಲರೂ ಎಲ್ಲರಿಗೂ ಐದು ಒಂಬತ್ತು ಒಂಬತ್ತು ಎಂದೇ ಕಳಿಸುತ್ತಾರೆ. ಸ್ಪಷ್ಟ, ಜೋರು, ಬಲು ಚಂದ. ದೊಡ್ಡಪ್ಪ ಮಾತ್ರ ತಮ್ಮನಿಗೆ ಒಮ್ಮೆಯೂ ಹಾಗೆ ಕಳಿಸಲಿಲ್ಲ. ಮೂರು ಮೂರು ಒಂಬತ್ತು. ಒಂದು ಸಲವಂತೂ ಎರಡು ಎರಡು ಒಂಬತ್ತು. ಅಪ್ಪ ಹಲ್ಲು ಕಡಿಯುತ್ತಾ ವರ್ಷವಿಡೀ ಆಂಟೆನಾ ತಿದ್ದುತ್ತಿದ್ದ.

"ಒಂದ್ಸಲಾನಾದ್ರೂ ಐದು ಒಂಬತ್ತು ಒಂಬತ್ತು ಕೊಡ್ತಾನೆ ಅಂದ್ಕೊಂಡಿದ್ದೆ ಕಣೇ," ಎಂದ ಆಸ್ಪತ್ರೆಯಲ್ಲಿ. ಆಮೇಲೆ ಅವಳ ಕೈ ಹಿಡಿದು, "ನಾನು ಹೋದೆ ಅಂತ ಅವನಿಗೆ ಹೇಳ್ಬೇಡ. ರೇಡಿಯೋ ಮುಟ್ಟೋದೇ ಬಿಟ್ಟು ಕೊರಗಿ ಸಾಯ್ತಾನೆ," ಎಂದ.

ಅಕ್ಷರಕ್ಕೆ ಇರುವಂತೆ ಮೋರ್ಸ್‌ಗೂ ಆಳನ್ನು ಗುರುತಿಸಬಹುದಾದ ಒಂದು ಕೈ ಇರುತ್ತದೆ. ಅಪ್ಪನ ಹೆಬ್ಬೆರಳು ಎಂಜಿನ್ನಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅವನ ಕೊನೆಯ ಗೆರೆ ಸ್ವಲ್ಪ ಎಳೆದುಕೊಳ್ಳುತ್ತಿತ್ತು. ಅವಳು ಅದನ್ನೂ ಅಭ್ಯಾಸ ಮಾಡಿ, ಮೊದಲ ವರ್ಷ ದೊಡ್ಡಪ್ಪನನ್ನು ಕರೆದಳು. ಅಂಥ ಚೂಪು ಕಿವಿಯವರು ಮೋಸ ಹೋದರು. ಉತ್ತರ ಬಂತು.

ಐದು ಒಂಬತ್ತು ಒಂಬತ್ತು.

ಅವಳು ಸ್ಟಿಯರಿಂಗಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ತಮ್ಮನನ್ನು ಕ್ಷಮಿಸಿದ್ದ. ಅದನ್ನು ಕೇಳಬೇಕಾದ ಕಿವಿ ಮಣ್ಣಾಗಿತ್ತು. ಜಗಳದ ನಂತರ ಅಪ್ಪ ಕಳಿಸುವುದನ್ನೇ ಬಿಟ್ಟಿದ್ದ ವಿದಾಯದ ಎರಡು ಪುಟ್ಟ ಚುಕ್ಕೆಗಳನ್ನು ಅವಳೇ ಕಳಿಸಿದಳು. ಆ ಕಡೆಯಿಂದಲೂ ಎರಡು ಚುಕ್ಕೆ ತಕ್ಷಣ ಬಂದವು, ಕಾದು ಕುಳಿತಿದ್ದವರ ಹಾಗೆ.

ಮರುವರ್ಷವೂ ಅದೇ. ಆದರೆ ಆ ಪ್ರೀತಿಯನ್ನು ಎಷ್ಟು ದಿನ ಕದ್ದು ಕೇಳುವುದು? ಅಪ್ಪನಿಗೆ ಕೊಟ್ಟ ಮಾತು ಮುರಿದರೂ ಸರಿ, ಈ ಸಲ ಎದುರು ನಿಂತು ಹೇಳಿಬಿಡಬೇಕೆಂದೇ ಬಂದಿದ್ದಳು.

ಹೆಡ್‌ಫೋನ್ ಹಾಕಿ, ಅಪ್ಪನ ಕೈಯಲ್ಲಿ ಕರೆದಳು. ಉತ್ತರ ಪಟಪಟನೆ ಬಂತು. ಈ ವಯಸ್ಸಿನಲ್ಲೂ ಮುದುಕರ ಕೈ ಎಷ್ಟು ಚುರುಕು! ಐದು ಒಂಬತ್ತು ಒಂಬತ್ತು. ಜೊತೆಗೆ ನಿಯಮದಂತೆ ಸ್ಥಳದ ಸಂಕೇತ. ಗುಡ್ಡದ ಆಚೆ ಮಗ್ಗುಲಿನದು. ಅಲ್ಲಿ ದೊಡ್ಡಪ್ಪ ಗಾಡಿ ನಿಲ್ಲಿಸುವ ಜಾಗ ಒಂದೇ, ಹಳೇ ಕಲ್ಲುಗಣಿ.

ದಾರಿಯುದ್ದಕ್ಕೂ ಮಾತು ಜೋಡಿಸಿದಳು. "ದೊಡ್ಡಪ್ಪಾ, ಅಪ್ಪ..." ಎಂಬಲ್ಲಿಗೆ ಬಂದು ಪ್ರತಿಸಲವೂ ಮತ್ತೆ ಮೊದಲಿನಿಂದ ಶುರುಮಾಡಿದಳು.

ಗಣಿಯ ಅಂಚಿನಲ್ಲಿ ಅದೇ ಹಳೇ ವ್ಯಾನು. ಮಾಡಿನ ಮೇಲೆ ಪೊರಕೆ ಕೋಲು, ಅದಕ್ಕೆ ಉದ್ದಕ್ಕೆ ಬಿಗಿದ ಉಕ್ಕಿನ ಅಳತೆಪಟ್ಟಿ. ಸರ್ವೇಯರ್ ತಲೆಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ ಇಂಥ ಆಂಟೆನಾ? ಅವಳಿಗೆ ಅಷ್ಟರಲ್ಲೂ ನಗು ಬಂತು.

ವ್ಯಾನಿನ ಬಾಗಿಲು ಸರಿಯಿತು. ಇಳಿದವನು ದೊಡ್ಡಪ್ಪನ ಮಗ, ಚಿಕ್ಕಂದಿನಲ್ಲಿ ಅವಳ ಜಡೆ ಜಗ್ಗಿ ಓಡುತ್ತಿದ್ದ ಅಣ್ಣ. ಕಿವಿಯ ಪಕ್ಕದ ಕೂದಲು ನರೆತಿತ್ತು.

"ಪುಟ್ಟೀ? ನೀನಾ?"

"ಅಣ್ಣಾ, ನಾನು ದೊಡ್ಡಪ್ಪನ ಹತ್ರ ಒಂದು ಮಾತಾಡ್ಬೇಕು. ಈಗಲೇ."

ಅವನು ದಾರಿ ಬಿಡಲಿಲ್ಲ. ಅವಳ ಭುಜದ ಮೇಲಿಂದ ಕಾರಿನ ಕಡೆಗೇ ನೋಡುತ್ತಿದ್ದ. ಗಾಜಿಗೆ ಬಿಸಿಲು ಹೊಡೆದು ಒಳಗೇನೂ ಕಾಣುತ್ತಿರಲಿಲ್ಲ. ಅವನ ಕಣ್ಣು ತುಂಬಿತು. ಅವಳ ಮಣಿಕಟ್ಟು ಹಿಡಿದು ಹತ್ತಿರಕ್ಕೆಳೆದು, ಕಾರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ.

"ಚಿಕ್ಕಪ್ಪ ಕಾರಲ್ಲೇ ಇದ್ದಾರಾ? ನಮ್ಮಪ್ಪ ಹೋಗಿ ಮೂರು ವರ್ಷ ಆಯ್ತು ಪುಟ್ಟೀ... ಅವರಿಗೆ ನೀನೇ ಹೇಳ್ಬಿಡು, ನನ್ನ ಕೈಲಾಗಲ್ಲ."