ಕಣ್ಣಕ್ಕನ ಬೊಂಬೆ

"ಇದ್ಯಾವ ದರಿದ್ರ ಬೊಂಬೆ?" ಎಂದು ಯಜಮಾನ ಕಿರುಚಿದಾಗ ಕಣ್ಣಕ್ಕನ ಕೈಯಲ್ಲಿದ್ದ ಕುಂಚ ಒಂದಿಷ್ಟೂ ಅಲುಗಲಿಲ್ಲ. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳಿಗೆ ಕಣ್ಣು ಬರೆಯುವುದು ಅವಳ ಕೆಲಸ. ಆ ಹೆಸರು ಬಂದದ್ದೂ ಅದರಿಂದಲೇ. ಹಿಡಿದ ರೆಪ್ಪೆಯನ್ನು ಬರೆದು ಮುಗಿಸಿಯೇ ತಿರುಗಿದಳು. ಮೂಲೆಯ ಬೊಂಬೆಗೆ ಅವಳು ಹೊದಿಸಿದ್ದ ಹಳೇ ಚಾದರವನ್ನು ಯಜಮಾನ ಕಿತ್ತು ನೆಲಕ್ಕೆಸೆದಿದ್ದ.

ಬೊಂಬೆಯ ತಲೆ ಬೋಳು. ಎದೆಯ ಒಂದು ಬದಿ ಉಳಿದೆಲ್ಲ ಬೊಂಬೆಗಳಂತೆ ಉಬ್ಬಿತ್ತು. ಇನ್ನೊಂದು ಬದಿ ಹಲಗೆಯಂತೆ ಸಪಾಟು, ಅದರ ಮೇಲೆ ಕಂಕುಳಿನಿಂದ ಓರೆಯಾಗಿ ಇಳಿದ ಗಾಯದ ಗೆರೆ. ಗೆರೆಯನ್ನು ಮುಚ್ಚಿಡುವುದಿರಲಿ, ಕಡುಗೆಂಪು ಬಣ್ಣದಲ್ಲಿ ತಿದ್ದಿದ್ದಳು. ಮುಖವಂತೂ ಬಾಯ್ತುಂಬ ನಗುತ್ತಿತ್ತು. ಆ ಕಾರ್ಖಾನೆಯಲ್ಲಿ ಅದುವರೆಗೆ ಒಂದು ಬೊಂಬೆಯೂ ನಕ್ಕದ್ದಿಲ್ಲ. ಬೊಂಬೆ ನಕ್ಕರೆ ಗಿರಾಕಿ ತನ್ನನ್ನು ನೋಡಿಯೇ ನಗುತ್ತಿದೆ ಅಂದುಕೊಳ್ಳುತ್ತಾನೆ ಎಂದು ಯಜಮಾನ ಹೇಳುತ್ತಿದ್ದ. ಗಿರಾಕಿಯ ಮಾತು ಹಾಗಿರಲಿ, ಇವನನ್ನು ನೋಡಿದರೆ ಯಾವ ಬೊಂಬೆಗಾದರೂ ನಗು ಬರುತ್ತಿತ್ತು.

"ಯಾರನ್ನ ಕೇಳಿ ಮಾಡಿದೆ ಇದನ್ನ?"

"ಯಾರನ್ನೂ ಕೇಳಲಿಲ್ಲ ಯಜಮಾನರೇ. ಅಚ್ಚಿಂದ ಸೊಟ್ಟಗೆ ಬಂತು ಅಂತ ನೀವೇ ಎಸೆದಿದ್ದ ಬೊಂಬೆ. ಊಟದ ಬಿಡುವಲ್ಲಿ ಕೂತು ಮಾಡಿದ್ದು."

ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಇದೇ ಯಜಮಾನ ಆಸ್ಪತ್ರೆಗೆ ಬಂದಿದ್ದ. ಮಂಚದ ಪಕ್ಕ ನಿಂತು, ಗೋಡೆಯ ಗಡಿಯಾರಕ್ಕೆ "ಧೈರ್ಯವಾಗಿರು" ಎಂದು ಹೇಳಿ ಹೋಗಿದ್ದ. ಕೆಲಸಕ್ಕೆ ಮರಳಿದ ಮೇಲೆ ಕಾರ್ಖಾನೆಯವರೆಲ್ಲ ಕಳ್ಳಗಣ್ಣಲ್ಲಿ ಅವಳ ಎದೆ ನೋಡುವುದು, ಸಿಕ್ಕಿಬಿದ್ದೊಡನೆ ಅಯ್ಯೋ ಪಾಪ ಎಂಬ ಮುಖ ಮಾಡುವುದು. ಕೊನೆಗೆ ಅವಳೂ ಮನೆಯಲ್ಲಿ ಕನ್ನಡಿಗೆ ಬೆನ್ನು ಹಾಕಿಯೇ ಬಟ್ಟೆ ಬದಲಿಸತೊಡಗಿದಳು. ಹಾಗಿರುವಾಗ ಒಂದು ಮಧ್ಯಾಹ್ನ, ಈ ಬೊಂಬೆಯ ಒಂದು ಬದಿ ಕತ್ತರಿಸಿ, ತೇಪೆ ಹಚ್ಚಿ, ಉಪ್ಪುಕಾಗದದಿಂದ ಉಜ್ಜುತ್ತಿದ್ದಾಗ ಯಾರೋ ಹಾಡು ಗುನುಗುವುದು ಕೇಳಿಸಿತು. ಗುನುಗುತ್ತಿದ್ದವಳು ತಾನೇ. ಸಂತೋಷಕ್ಕೆ ಇನ್ನಷ್ಟು ಗಟ್ಟಿಯಾಗಿ ಹಾಡಿಕೊಂಡಳು. ಬದುಕಿಕೊಂಡೆ ಎಂದು ಅವಳಿಗೆ ಅನ್ನಿಸಿದ್ದು ಆವತ್ತು. ಡಾಕ್ಟರು ಬಾಯಿಬಿಟ್ಟು ಹೇಳಿದಾಗಲೂ ಹಾಗನ್ನಿಸಿರಲಿಲ್ಲ.

ಯಜಮಾನ ತೇಪೆ ಹಚ್ಚುವ ಪುಟ್ಟಿಯ ಬಟ್ಟಲನ್ನು ಅವಳ ಮುಂದೆ ತಳ್ಳಿದ. "ಇನ್ನೇನು ಶೋರೂಮಿನವರು ಬರ್ತಾರೆ. ಇದನ್ನ ಕಂಡ್ರೆ ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಡ್ತಾರೆ ಅಷ್ಟೇ. ಆ ಕಡೆ ತುಂಬಿಸು, ಗೆರೆ ಅಳಿಸು, ತಲೆಗೊಂದು ವಿಗ್ಗು ಹಾಕು. ಆಗಲ್ಲ ಅಂದ್ರೆ ನಾಳೆಯಿಂದ ಮನೇಲೇ ಇರು. ಅಯ್ಯೋ ಪಾಪ ಅಂದ್ರೆ ಆರು ತಿಂಗಳ ಪಾಪ ಸುತ್ತಿಕೊಳ್ತಂತೆ!"

ಕಣ್ಣಕ್ಕ ಬಟ್ಟಲು ನೋಡಿದಳು. ಕೆಲಸ ಹೋದರೆ ಗತಿಯೇನು ಎಂಬ ಹೆದರಿಕೆ ಸುಳಿಯದೇ ಇರಲಿಲ್ಲ. ಆಮೇಲೆ ಗೋಡೆಯುದ್ದಕ್ಕೂ ನಿಲ್ಲಿಸಿದ್ದ, ಶೋರೂಮಿಗೆಂದೇ ತಯಾರಾದ ಸಾಲಿನ ಕಡೆ ನೋಡಿದಳು.

"ಅಲ್ಲ ಯಜಮಾನರೇ, ಆ ಸಾಲಲ್ಲಿ ಒಬ್ಬಳಿಗೂ ತಲೆ ಇಲ್ಲ. ಅದರಾಚೆ ಇರೋದು ಬರೀ ಸೊಂಟ, ಕಾಲು. ಅವನ್ನೆಲ್ಲ ಹೊಳಪು ಕೊಟ್ಟು ಮಾರ್ತೀರಿ. ನಂದು ಮಾತ್ರ ಹೇಗೆ ದರಿದ್ರ ಆಯ್ತು?"

"ಅದು ಫ್ಯಾಷನ್ನು! ಹೆಂಗಸಿನ ಬೊಂಬೆಗೆ ತಲೆ ಇಲ್ಲದಿದ್ರೂ ನಡೆಯುತ್ತೆ ಕಣಕ್ಕಾ. ಎದೆಯೇ ಇಲ್ಲದಿದ್ರೆ ಯಾರು ನೋಡ್ತಾರೆ?"

ಅಚ್ಚಿನ ಕೆಲಸದವನು ಕಿಸಕ್ಕನೆ ನಕ್ಕು, ಕಣ್ಣಕ್ಕನ ಮುಖ ಕಂಡು ರಾಳದ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದ. ಯಜಮಾನನಿಗೆ ಮಾತ್ರ ತಾನೇನು ಅಂದೆ ಎಂಬುದರ ಪರಿವೆಯೇ ಇರಲಿಲ್ಲ. ಲೋಕಸತ್ಯ ನುಡಿದವನ ಗತ್ತಿನಲ್ಲಿ ನಿಂತಿದ್ದ.

ಕಣ್ಣಕ್ಕನಿಗೆ ಮೊದಲು ಬಂದದ್ದು ಸಿಟ್ಟು, ಅದರ ಬೆನ್ನಿಗೇ ನಗು. ಕಾರ್ಖಾನೆಯ ಆ ತುದಿಗೂ ಕೇಳುವಂತೆ ನಕ್ಕಳು. ಇಂಥವನ ಕಣ್ಣಿಗೆ ನೋವಾಗದಿರಲಿ ಎಂದಲ್ಲವೇ, ಆಪರೇಷನ್ ಆದಂದಿನಿಂದ ಖಾಲಿ ಬದಿಯಲ್ಲಿ ಸ್ಪಂಜಿನ ಉಂಡೆ ತುರುಕಿಕೊಂಡು, ದಿನವಿಡೀ ಅದರಡಿಯಲ್ಲಿ ಬೆವತದ್ದು! ಅಂಗಿಯ ಕತ್ತಿನೊಳಗೆ ಕೈ ಹಾಕಿ ಅದನ್ನು ಹೊರಗೆಳೆದಳು. ಯಜಮಾನನ ಬಲಗೈ ಹಿಡಿದು, ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ತಗೊಳ್ಳಿ. ನಂಗಿದು ಬೇಡ. ಬೇಕಾಗಿರೋದು ನಿಮಗೆ."

ಅವಳು ಸ್ಟೂಲಿಗೆ ಮರಳಿ ಕುಂಚ ಎತ್ತಿಕೊಂಡಳು. ಬಾಗಿಲು ತೆರೆಯಿತು. ಶೋರೂಮಿನ ಮ್ಯಾನೇಜರಮ್ಮ ಒಳಬಂದು, ಯಜಮಾನನ ಕೈ ಕುಲುಕಲು ನಗುತ್ತಾ ತನ್ನ ಕೈ ಚಾಚಿದರು.

ಯಜಮಾನನ ಕೈ ಖಾಲಿ ಇರಲಿಲ್ಲ.