ಬರುವಷ್ಟೇ ಮಾತಾಡಿ ಅಂದಿದ್ದೆ

ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು ನಾನು... ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಎಲ್‌ಕೆಜಿ ಅಡ್ಮಿಶನ್‌ಗೆ ಬರುವ ಪ್ರತಿ ತಾಯಿಗೂ ನನ್ನದು ಒಂದೇ ಉಪದೇಶ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ.

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕಸ್ತೂರಿಗೂ ಅದನ್ನೇ ಹೇಳಿದೆ. ಗಂಡ ಲಾರಿ ಡ್ರೈವರ್. ಮನೆಯಲ್ಲಿ ಇರುವುದು ತಾಯಿ, ಮಗಳು ಇಬ್ಬರೇ.

"ನನಗ ಅಷ್ಟು ಇಂಗ್ಲಿಷ್ ಬರಂಗಿಲ್ರೀ ಟೀಚರ್..." ಅಂದಳು.

"ಬರೋವಷ್ಟ ಮಾತಾಡ್ರಿ, ಸಾಕು. ಮಗಳ ಕಿವಿಗೆ ನಿಮ್ಮ ಕನ್ನಡ ಬೀಳಬಾರದು ನೋಡ್ರಿ" ಅಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು... ನಾನು ಮರೆತೆ. ಆಕೆ ಮರೆಯಲಿಲ್ಲ.

ಮಗಳೆದುರು ನೆರೆಮನೆಯವರ ಜೊತೆಗೂ ಬಾಯಿ ಬಿಡುತ್ತಿರಲಿಲ್ಲವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಏಳು ವರ್ಷ ಕಳೆಯಿತು. ಮಗಳು ಪ್ರಣೀತಾ ಆರನೇ ಕ್ಲಾಸಿಗೆ ಬಂದಳು. "ನನ್ನ ತಾಯಿ" ಎಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿದೆ.

ಅವಳು ಬರೆದಿದ್ದು ಇಷ್ಟು... "ನನ್ನ ಮಮ್ಮಿ ಒಳ್ಳೆಯವಳು. ಕಮ್, ಈಟ್, ಸ್ಲೀಪ್, ಗುಡ್ ಗರ್ಲ್ ಅನ್ನುತ್ತಾಳೆ. ಬೇರೆ ಏನೂ ಹೇಳುವುದಿಲ್ಲ. ಅವಳಿಗೆ ಹೇಳಲು ಏನೂ ಇಲ್ಲ ಅನ್ನಿಸುತ್ತದೆ."

ಒಂದೂ ತಪ್ಪಿರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ. ಎಂಥ ಜಾಣೆ ನಾನು ನೋಡಿ... ನನಗೆ ಸ್ಪೆಲಿಂಗ್ ಮಾತ್ರ ಕಂಡಿತ್ತು.

ಖುಷಿಯ ಸುದ್ದಿ ಹೇಳೋಣವೆಂದು ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಖಾನಾವಳಿಗೆ ಹೋದೆ. ಕಸ್ತೂರಿ ಮಗಳನ್ನು ಎಂದೂ ಅಲ್ಲಿಗೆ ಕರೆತಂದವಳಲ್ಲ.

ಹಿಂಬಾಗಿಲ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ಒಂದು ದನಿ...

"ಲಗ್ನ ಆದ ಹೊಸದಾಗ ನನ್ನ ರೊಟ್ಟಿ ನೋಡಿ ಅತ್ತಿ ಅಂದ್ಲು, ಇದು ರೊಟ್ಟಿ ಅಲ್ಲವ್ವಾ, ತಾಲೂಕಿನ ನಕಾಶಿ ಅಂತ. ನಾ ಬಿಡತೀನೇನು... ಹಂಗಾರ ನಿಮ್ಮ ತವರುಮನಿ ಕಡೆಯಿಂದ ಮುರ್ಕೊಂಡು ತಿನ್ರಿ ಅತ್ತಿ, ಅಂದೆ..."

ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ಬಂತು.

ಪ್ರಣೀತಾ ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು. "ಮಿಸ್... ಅದು ಯಾರ ವಾಯ್ಸ್?"

ಹೆತ್ತ ತಾಯಿಯ ದನಿ ಮಗಳಿಗೆ ಗುರುತು ಸಿಗಲಿಲ್ಲ.

ಅಷ್ಟರಲ್ಲಿ ಕಸ್ತೂರಿ ತಿರುಗಿ ಮಗಳನ್ನು ನೋಡಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಬಾಯಿ ಮುಚ್ಚಿಕೊಂಡಳು.

"ತಪ್ಪಾತ್ರಿ ಟೀಚರ್... ಆಕಿ ಬರತಾಳಂತ ಗೊತ್ತಿದ್ದಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವಳ ಹಿಟ್ಟಿನ ಕೈ ಹಿಡಿದುಕೊಂಡೆ. "ತಪ್ಪು ನಂದವ್ವಾ. ಇವತ್ತಿಂದ ಆಕಿ ಜೋಡಿ ಮನಸು ಬಿಚ್ಚಿ ಮಾತಾಡ್ರಿ."

ಅವಳು ಮಗಳ ಕಡೆ ನೋಡಿದಳು. ಪ್ರಣೀತಾ ನನ್ನ ಬೆನ್ನ ಹಿಂದೆ ಸರಿದು ನಿಂತಿದ್ದಳು.

"ಏಳು ವರ್ಷದ ಮಾತು ಒಳಗ ಐತ್ರಿ ಟೀಚರ್... ಆದ್ರ ಈಗ ಬಾಯಿ ತೆಗದ್ರ ಆಕಿಗೆ ನಾ ಬ್ಯಾರೆ ಯಾರೋ ಆಗತೀನಿ. ನೋಡ್ರಿ... ಈಗ ಅಂಜಾಕತ್ತಾಳ."

ನಾನು ರಿಟೈರ್ ಆಗಿ ನಾಲ್ಕು ವರ್ಷವಾಯಿತು. ಆ ಮಗುವಿನ ಕಣ್ಣಿನಲ್ಲಿದ್ದ ಭಯ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಇಂಗ್ಲಿಷ್ ಕಲಿಸಲು ಊರಿಗೆ ಹತ್ತು ಶಾಲೆಗಳಿವೆ... ತಾಯಿ ಯಾರೆಂದು ತಿಳಿಯಲು ಮಗುವಿಗೆ ಇರುವುದು ಮನೆಮಾತೊಂದೇ.

ನೀವು ಮನಸ್ಸು ಬಿಚ್ಚಿ ನಗುತ್ತಾ ಮಾತಾಡಿದ್ದನ್ನು ನಿಮ್ಮ ಮಕ್ಕಳು ಕೊನೆಯ ಸಲ ಕೇಳಿದ್ದು ಯಾವಾಗ?