ಹಲಗೆ ಹಾಸಿದ ಕೋಣೆ

ಹಿಂದಿನ ಕೋಣೆಯಲ್ಲಿ ಮತ್ತೆ ಸುತ್ತಿಗೆಯ ಏಟು ಬಿತ್ತು. ರೇವಮ್ಮ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಗೋಡೆಗೆ ಕಿವಿಗೊಟ್ಟರು.

ಏಟು ಗೋಡೆಗಲ್ಲ, ನೆಲಕ್ಕೆ.

ಮರಳೂರಿನ ಆ ಮನೆಯ ಮುಂಭಾಗದಲ್ಲಿ ರೇವಮ್ಮ ಒಬ್ಬರೇ ಇದ್ದರು. ಹಿಂಭಾಗವನ್ನು ಯುಗಾದಿ ಕಳೆದ ಮೇಲೆ ದಯಾನಂದನಿಗೆ ಬಾಡಿಗೆಗೆ ಕೊಟ್ಟಿದ್ದರು. ಅವನಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ಮಂಗಳಗೌರಿ, ಇನ್ನೂ ಎರಡು ತುಂಬದ ಮಗಳು ಲಾವಣ್ಯ. ಒಳ್ಳೆಯ ಜನ. ನಲ್ಲಿಯಲ್ಲಿ ನೀರು ಬಂದ ದಿನ ದಯಾನಂದ ಮೊದಲು ರೇವಮ್ಮನ ಡ್ರಮ್ ತುಂಬಿಸಿ, ಆಮೇಲೆ ತನ್ನದಕ್ಕೆ ಪೈಪು ಹಾಕುತ್ತಿದ್ದ. ಮಂಗಳಗೌರಿ ಉಪ್ಸಾರು ಮಾಡಿದರೆ ಒಂದು ಬಟ್ಟಲು ಮುಂಭಾಗಕ್ಕೂ ಬರುತ್ತಿತ್ತು. ಇತ್ತೀಚೆಗೆ ಈ ಒಳ್ಳೆಯತನದ ಮೇಲೇ ರೇವಮ್ಮನಿಗೆ ಅನುಮಾನ.

"ಏನಪ್ಪಾ ಅದು, ಖಾಲಿ ಕೋಣೇಲಿ?" ಎಂದು ಅವರು ಕೇಳಿಯೂ ಇದ್ದರು.

"ಹೋಮ್ ಥಿಯೇಟರ್ ಮಾಡ್ತಾ ಇದೀನಿ, ರೇವಮ್ಮನೋರೆ. ಎಲ್ಲಾ ಸೆಕೆಂಡ್ ಹ್ಯಾಂಡು. ಅಂಥ ಖರ್ಚೇನಿಲ್ಲ."

ವಿ.ಸಿ.ಡಿ. ಪ್ಲೇಯರ್ ಮನೆಮನೆಗೂ ಬರುತ್ತಿದ್ದ ಕಾಲ. ನಂಬುವಂಥ ಮಾತೇ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗಳಿಗೆ ಮೊಟ್ಟೆಯ ಟ್ರೇ ಅಂಟಿಸಿದ. ಬೆಳಕು ಬರಬಾರದೆಂದು ಕಿಟಕಿಗೆ ಕಪ್ಪು ಬಟ್ಟೆ ಹೊಡೆದ. ಗುಬ್ಬಿಯಲ್ಲಿ ಮುಚ್ಚಿಹೋದ ವಿಡಿಯೋ ಪಾರ್ಲರೊಂದರಿಂದ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ತಂದ. ಅಲ್ಲಿಯವರೆಗೂ ಸರಿ. ಆದರೆ ಮರುದಿನ ಆ ಪೆಟ್ಟಿಗೆಗಳು ಹಿತ್ತಲಲ್ಲಿ ಬಿದ್ದಿದ್ದವು, ಹೊಟ್ಟೆ ಬಗೆದ ಹಾಗೆ, ಖಾಲಿಯಾಗಿ. ಆಮೇಲೆ ಕಾರ್ಖಾನೆಯ ಪ್ಯಾಕಿಂಗ್ ಹಲಗೆಗಳನ್ನು ಆಟೋದಲ್ಲಿ ಹೇರಿಕೊಂಡು ಬಂದು, ಕೋಣೆಯ ನೆಲವನ್ನು ಗೇಣೆತ್ತರಕ್ಕೆ ಮುಚ್ಚತೊಡಗಿದ.

ಸಿನಿಮಾ ನೋಡುವವನಿಗೆ ನೆಲದಲ್ಲೇನು ಕೆಲಸ?

"ಮುಚ್ಚೋದು ಅಗೆದಿದ್ದನ್ನ ಕಣೇ," ಎಂದರು ಎದುರುಮನೆಯ ಸಿದ್ದಲಕ್ಷ್ಮಮ್ಮ, ದನಿ ತಗ್ಗಿಸಿ. "ನಿಧಿ! ಕುಣಿಗಲ್ ಕಡೆ ನಮ್ ತೌರೂರಲ್ಲೂ ಹಿಂಗೇ ಶುರುವಾಗಿತ್ತು."

"ಈ ಮನೆ ಕಟ್ಸಿದ್ದು ನಮ್ಮನೆಯೋರು. ಪಾಯದ ಕೆಳಗೆ ಎರೆಹುಳ ಬಿಟ್ರೆ ಏನೂ ಇಲ್ಲ ಬುಡು."

"ಅದು ನಿಂಗೊತ್ತು. ಅವ್ನಿಗೊತ್ತಾ?" ಸಿದ್ದಲಕ್ಷ್ಮಮ್ಮ ಎಲೆಅಡಿಕೆ ಉಗುಳಿ ಬಂದು ಮತ್ತೆ ಕೂತರು. "ನಿಧಿ ಸುಮ್ಸುಮ್ನೆ ಬರಲ್ಲ ರೇವಾ. ಕೂಸು ಕೇಳ್ತದೆ."

"ಥೂ, ನಿನ್ ಬಾಯಿಗೆ ಮಣ್ಣಾಕ."

ಬೈದದ್ದೇನೋ ಬೈದರು. ಆದರೆ ಅಂದಿನಿಂದ ರೇವಮ್ಮನ ಕಣ್ಣು ಕೋಣೆಯನ್ನು ಬಿಟ್ಟು ಮಗುವಿನ ಮೇಲೆ ನೆಟ್ಟಿತು. ಗಣೇಶನನ್ನು ಬಿಡುವ ದಿನ ಗೇಟಿನ ಮುಂದೆಯೇ ಪಟಾಕಿ ಸರ ಹೊಡೆದರೂ, ಜಗಲಿಯಲ್ಲಿ ಮಲಗಿದ್ದ ಲಾವಣ್ಯ ಮಿಸುಕಲಿಲ್ಲ. ಯಾವ ಕೂಸು ಹಾಗೆ ಮಲಗುತ್ತದೆ? ಏನೋ ಕುಡಿಸಿರಬೇಕು.

"ಮಗುಗೆ ಏನ್ ಕೊಡ್ತಿದೀಯಮ್ಮ, ಹಿಂಗೆ ನಿದ್ದೆ ಮಾಡ್ತದೆ?" ಎಂದು ಕೇಳಿದರು.

ಮಂಗಳಗೌರಿಯ ಮುಖ ಕಪ್ಪಿಟ್ಟಿತು. ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಆಮೇಲೆ ಸಾರೂ ಬರಲಿಲ್ಲ.

ಆ ತಿಂಗಳ ಅಮಾವಾಸ್ಯೆ ಭಾನುವಾರ ಬಿತ್ತು. ಮಧ್ಯಾಹ್ನ ರೇಡಿಯೋ ರಿಪೇರಿಯ ಮನ್ಸೂರ್ ಅಲಿ ಚೀಲ ಹಿಡಿದು ಹಿತ್ತಲ ಕಡೆಯಿಂದ ಬಂದರು. ರೇವಮ್ಮನ ಹಳೆಯ ರೇಡಿಯೋವನ್ನು ಎಷ್ಟು ಸಲ ಸರಿಮಾಡಿಕೊಟ್ಟರೂ ಒಂದು ಲೋಟ ಕಾಫಿಗಿಂತ ಹೆಚ್ಚೇನೂ ತೆಗೆದುಕೊಳ್ಳದ ಮನುಷ್ಯ. ಅವರೂ ಇದರಲ್ಲಿದ್ದಾರೆಯೇ? ರೇವಮ್ಮನಿಗೆ ಕೂರಲಾಗಲಿಲ್ಲ. ಹಿತ್ತಲಿಗೆ ಬಂದು ಆ ಕೋಣೆಯ ಬಾಗಿಲ ಸಂದಿಗೆ ಮುಖವಿಟ್ಟರು. ಕತ್ತಲೆಯಲ್ಲಿ ಕಂಡದ್ದು ಒಂದು ನಿಂಬೆಹಣ್ಣು, ಕುಂಕುಮ, ಉರಿಯುತ್ತಿದ್ದ ಊದುಬತ್ತಿ.

"ಪಾಪೂನ ಮಧ್ಯದಲ್ಲಿ ಮಲಗ್ಸು ತಂಗಿ," ಮನ್ಸೂರ್ ಅಲಿಯ ದನಿ. "ಲಂಗ ದಪ್ಪ ಐತೆ, ತೆಗಿ. ಹೊಟ್ಟೆ ಹಲಗೆಗೆ ತಾಗ್ಬೇಕು."

"ನಂಗೆ ಭಯ ಆಗ್ತೈತೆ ಕಣ್ರೀ." ಮಂಗಳಗೌರಿ ಅಳುತ್ತಿದ್ದಳು. "ಆಗ್ದೇ ಹೋದ್ರೆ?"

"ಆಗ್ತದೆ. ಇಷ್ಟು ದೂರ ಬಂದು ಹಿಂದಕ್ ಹೋಗೋದ್ ಬೇಡ," ಎಂದ ದಯಾನಂದ. "ರೇವಮ್ಮನೋರಿಗೆ ಆಮೇಲೆ ಹೇಳಣ."

ರೇವಮ್ಮನ ಕೈಗೆ ಸಿಕ್ಕಿದ್ದು ಒನಕೆ. ಅದರಿಂದಲೇ ಬಾಗಿಲು ಗುದ್ದಿದರು.

"ತೆಗೀರೋ ಬಾಗ್ಲು! ನಿಧೀನೇ ಬೇಕಿದ್ರೆ ಇಡೀ ಮನೆ ಅಗ್ಕೊಂಡು ಹೋಗ್ರೋ! ಕೂಸು ಕೊಡ್ರೋ ನಂಗೆ!"

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅದು ತೆರೆದ ರಭಸಕ್ಕೆ ರೇವಮ್ಮ ಹಲಗೆಯ ಮೇಲೆ ಹೋಗಿ ನಿಂತರು. ಕುಂಕುಮ ಹಚ್ಚಿದ್ದು ಮನ್ಸೂರ್ ಅಲಿ ತಂದ ಆಂಪ್ಲಿಫೈಯರ್‌ಗೆ. ಹೊಸ ಮಿಷನ್ನಿಗೆ ಯಾರಾದರೂ ಮಾಡುವ ಪೂಜೆ. ಎದುರಿಗೆ ಆಗಷ್ಟೇ ಹಾಕಿದ ಟಿ.ವಿ.ಯಲ್ಲಿ ಯಾರೋ ತಮಟೆ ಬಡಿದು ಕುಣಿಯುತ್ತಿದ್ದರು. ಕೋಣೆಯ ನಡುವೆ ಲಾವಣ್ಯ ಬೋರಲು ಮಲಗಿತ್ತು. ರೇವಮ್ಮ ಒನಕೆ ಬಿಸುಟು ಮಗುವನ್ನು ಬಾಚಿ ಎದೆಗವಚಿಕೊಂಡರು.

ಮಗು ಕೊಸರಾಡಿತು. ಜಾರಿ ಇಳಿದು ಮತ್ತೆ ಹಲಗೆಗೆ ಕೆನ್ನೆಯೊತ್ತಿತು. ತಮಟೆಯ ಏಟು ಬಿದ್ದಾಗಲೆಲ್ಲ ನೆಲವೇ ಗುಡುಗಿ, ರೇವಮ್ಮನ ಬರಿಗಾಲಿನಿಂದ ಮಂಡಿಯವರೆಗೆ ನಡುಕ ಹತ್ತಿತು. ಆ ಏಟಿಗೆ ಸರಿಯಾಗಿ ಮಗು ಪುಟ್ಟ ಅಂಗೈ ಬಡಿಯತೊಡಗಿತು. ಬಡಿಯುತ್ತ ಕೇಕೆ ಹಾಕಿ ನಕ್ಕಿತು. ಮಂಗಳಗೌರಿ ಪಕ್ಕದಲ್ಲಿ ಕೂತು ತಾನೂ ಹಲಗೆಗೆ ಅಂಗೈಯೊತ್ತಿದಳು.

"ಏನ್ರೋ ಇದು?" ರೇವಮ್ಮ ಏದುಸಿರಲ್ಲಿ ಕೇಳಿದರು.

"ಸ್ಪೀಕರೆಲ್ಲಾ ಹಲಗೆ ಕೆಳಗಿದಾವೆ, ರೇವಮ್ಮನೋರೆ," ಎಂದ ದಯಾನಂದ. "ಹುಟ್ಟಿದಾಗ್ನಿಂದ ಕಿವಿ ಕೇಳ್ಸಲ್ಲ ಅವ್ಳಿಗೆ. ಹೊಟ್ಟೇಲಾದ್ರೂ ಕೇಳ್ಲಿ ಅಂತ."